ಮಡಿಕೆಯಲ್ಲಿ ಸೀಳಿದ ಚಂದ್ರಕಾಳಿ

ಬ್ಯಾಂಕಿನ ಕೆಲಸಕ್ಕೆ ಬೆಳಿಗ್ಗೆ ಒಂಬತ್ತಕ್ಕೆಲ್ಲ ಮನೆ ಬಿಡಬೇಕಾದ ನನಗೆ ಕಪಾಟು ತೆರೆದು ಸೀರೆ ಹುಡುಕುವ ಹತ್ತು ನಿಮಿಷವೇ ದಿನದ ದೊಡ್ಡ ಸಂಕಟವಾಗಿತ್ತು. ಸೀರೆ ಸಿಕ್ಕರೆ ರವಿಕೆ ಸಿಗುತ್ತಿರಲಿಲ್ಲ, ರವಿಕೆ ಸಿಕ್ಕರೆ ಅದರ ಹುಕ್ಕು ಕಿತ್ತಿರುತ್ತಿತ್ತು; ಅಡಿಯ ಒಂದನ್ನು ಎಳೆದರೆ ಮೇಲಿನ ಹತ್ತು ಕಾಲ ಮೇಲೆ ಬೀಳುತ್ತಿದ್ದವು. ಬಿದ್ದದ್ದನ್ನು ಮಡಚಲು ಪುರುಸೊತ್ತಿಲ್ಲದೆ ಒಳಗೆ ತುರುಕಿ, ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಮುಚ್ಚಿ ಓಡುತ್ತಿದ್ದೆ.

ನಮ್ಮ ಧಾರವಾಡದ ಕಡೆ ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ, ಹೊದಿಕೆಗಳನ್ನೆಲ್ಲ ಒಗೆದು ಹಾಕುವ ರೂಢಿಯಿದೆ. ಅಂಥ ದಿನಗಳಲ್ಲೇ ಬಂದ ಒಂದು ಎರಡನೇ ಶನಿವಾರ, ಬ್ಯಾಂಕಿಗೆ ರಜೆ, ಮಳೆ ಹಿಂದೆ ಸರಿದು ಒಳ್ಳೆಯ ಬಿಸಿಲು ಬಿದ್ದಿತ್ತು. ಕಪಾಟಿನಲ್ಲಿದ್ದುದನ್ನೆಲ್ಲ ಹೊರತೆಗೆದು ಚಾಪೆಯ ಮೇಲೆ ಸುರಿದೆ. ಎಣಿಸಿದಾಗ ಸೀರೆಗಳೇ 71 ಇದ್ದವು. ಅವುಗಳಲ್ಲಿ ನಾನು ತಿರುತಿರುಗಿ ಉಡುತ್ತಿದ್ದುದು 11 ಮಾತ್ರ.

ಉಳಿದವು ಎಲ್ಲಿಂದ ಬಂದವು ಎಂದು ನೋಡುತ್ತ ಹೋದಂತೆ, ಅರ್ಧಕ್ಕಿಂತ ಹೆಚ್ಚು ನಾನು ಬೇಕೆಂದು ಕೊಂಡವಲ್ಲ ಎಂಬುದು ತಿಳಿಯಿತು. ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಆಹೇರಿಯಾಗಿ ಬಂದವು, ಉಡಿ ತುಂಬುವಾಗ ಕೊಟ್ಟವು, ಜೊತೆಗೆ ಒಂದು ಚೀಲದ ತುಂಬ ರವಿಕೆಯ ಪೀಸುಗಳು. ಕೊಟ್ಟವರ ಮುಖ ನೆನಪಾಗಿ ಹೊರಗೆ ಹಾಕಲು ಮನಸ್ಸಾಗುವುದಿಲ್ಲ, ಉಡಲೂ ಮನಸ್ಸಾಗುವುದಿಲ್ಲ. ಇಂಥ ಸೀರೆಯನ್ನು ಇನ್ನೊಬ್ಬರ ಮದುವೆಗೆ ದಾಟಿಸುವ ಪದ್ಧತಿ ನಮ್ಮ ಮನೆಗಳಲ್ಲಿ ಬಹಳ ಹಿಂದಿನಿಂದ ಇದೆ, ನಾನೂ ಹಾಗೆ ಮಾಡಿದ್ದೇನೆ. ಆದರೆ ನಾನೇ ಉಡಲೊಲ್ಲದ ಸೀರೆಯನ್ನು ಇನ್ನೊಬ್ಬಳ ಕಪಾಟಿಗೆ ಸೇರಿಸುವುದು ತಪ್ಪೆಂದು ಆ ದಿನ ಸ್ಪಷ್ಟವಾಗಿ ಅನ್ನಿಸಿತು.

ಎಲ್ಲಕ್ಕಿಂತ ಕೆಳಗೆ, ಪ್ಲಾಸ್ಟಿಕ್ ಕವರಿನೊಳಗೆ, ಅವ್ವನ ಚಂದ್ರಕಾಳಿ ಇತ್ತು. ಕಪ್ಪು ಇಳಕಲ್ ರೇಷ್ಮೆ, ಕೆಂಪು ತೋಪು ತೆನೆ ಸೆರಗು. ಒಡಲಿನ ತುಂಬ ಅವ್ವ ತನ್ನ ಕೈಯಿಂದಲೇ ಕಸೂತಿ ಹಾಕಿದ್ದಳು: ತೇರು, ಗೋಪುರ, ತುಳಸಿ ವೃಂದಾವನ, ಸಾಲಾಗಿ ಆನೆ. ಗಂಟು ಹಾಕದೆ ಎಳೆ ಎಣಿಸಿ ಹಾಕಿದ ಗವಂತಿ ಎಂಬ ಹೊಲಿಗೆ, ಬಟ್ಟೆಯ ಮುಂದೂ ಹಿಂದೂ ಒಂದೇ ಸಮನಾಗಿ ಕಾಣುತ್ತದೆ. ಹಿಂಬದಿ ತಿರುಗಿಸಿ ತೋರಿಸುವಾಗ ಅವಳ ಮುಖದಲ್ಲಿ ಇರುತ್ತಿದ್ದ ಹೆಮ್ಮೆ ನನಗೆ ಇನ್ನೂ ನೆನಪಿದೆ. ನಾನು ಅದನ್ನು ಉಟ್ಟಿದ್ದು ಎರಡೇ ಸಲ. ಅವಳು ಹೋದ ಮೇಲಂತೂ ಹಾಳಾದೀತೆಂಬ ಭಯಕ್ಕೆ ಎಂಟು ವರ್ಷ ಹೊರಗೇ ತೆಗೆದಿರಲಿಲ್ಲ.

ತೊಡೆಯ ಮೇಲಿಟ್ಟು ಒಂದು ಮಡಿಕೆ ಬಿಡಿಸಿದೆ. ಒಣಗಿದ ಎಲೆ ಮುರಿದಂಥ ಸಣ್ಣ ಸದ್ದು ಬಂತು. ಬಿಸಿಲಿಗೆ ಹಿಡಿದು ನೋಡಿದರೆ ಮಡಿಕೆಯ ಗೆರೆಯುದ್ದಕ್ಕೂ ರೇಷ್ಮೆ ಸೀಳಿತ್ತು, ಒಂದು ತೇರಿನ ನಡುವೆಯೇ ಸೀಳು ಹಾದುಹೋಗಿ ಅದರ ಎರಡು ಚಕ್ರಗಳು ಬೇರೆಯಾಗಿದ್ದವು. ಅಂಚಿನ ಜರಿಯೂ ಕಪ್ಪಾಗಿತ್ತು, ಅಲ್ಲಿ ಡಾಂಬರ ಗುಳಿಗೆಗಳನ್ನು ನಾನೇ ಬಟ್ಟೆಗೆ ತಾಗುವಂತೆ ಇಟ್ಟಿದ್ದೆ.

ಅಂಗಳದಲ್ಲಿ ಹಾಸಿಗೆ ಒಣಹಾಕುತ್ತಿದ್ದ ಅತ್ತೆಯವರು ನನ್ನ ಅಳು ಕೇಳಿ ಬಂದರು. ಸೀರೆಯ ಮೇಲೆ ಕೈಯಾಡಿಸಿ, “ವರ್ಷದಾಗ ಎರಡು ಸಲ ಮಡಿಕಿ ಬದಲಾ ಮಾಡಬೇಕಾಗಿತ್ತವ್ವಾ. ಪ್ಲಾಸ್ಟಿಕ್ಕಿನ್ಯಾಗ ಇದಕ್ಕ ಗಾಳಿನ ಆಡಂಗಿಲ್ಲ” ಎಂದರು. ಬೈಯುವ ದನಿ ಅದಾಗಿರಲಿಲ್ಲ. ರೇಷ್ಮೆ ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಮಡಚಿಕೊಂಡಿದ್ದರೆ ಅಲ್ಲಿಯೇ ಎಳೆಗಳು ಸೋತು ತುಂಡಾಗುತ್ತವೆ. ಮಲೆನಾಡ ಸೆರಗಿನ ನಮ್ಮೂರಿನಲ್ಲಿ ಮಳೆಗಾಲದ ತೇವ ಕವರಿನೊಳಗೆ ಸೇರಿದರೆ ಹೊರಗೆ ಹೋಗುವುದೂ ಇಲ್ಲ. ಅವರು ತಮ್ಮ ಟ್ರಂಕಿನಿಂದ ಹಳೆಯ ಧೋತರ ತಂದುಕೊಟ್ಟು, ಜರಿ ಒಳಗೆ ಬರುವಂತೆ ಮಡಚುವುದನ್ನೂ, ಬಜೆಯ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡುವುದನ್ನೂ ತೋರಿಸಿದರು.

ಆಮೇಲಿನ ಕೆಲಸ ಬೇಗ ಸಾಗಿತು. ಒಂದೊಂದು ಸೀರೆ ಎತ್ತಿದಾಗಲೂ, ಬರುವ ಯುಗಾದಿಯೊಳಗೆ ಇದನ್ನು ಉಡುತ್ತೇನೆಯೇ ಎಂದಷ್ಟೇ ಕೇಳಿಕೊಂಡೆ. ಮೆತ್ತಗಾದ ಹತ್ತಿ ಸೀರೆಗಳನ್ನು ಕೌದಿಗೆಂದು ಎತ್ತಿಟ್ಟೆ, ಸೀಳಿದ ಚಂದ್ರಕಾಳಿಯನ್ನೂ ಅವುಗಳ ಜೊತೆಗಿಟ್ಟೆ. ಕೌದಿ ಹೊಲಿಯುವ ಅಜ್ಜಿ ಸಂಜೆ ಬಂದು ಆರಿಸಿಕೊಳ್ಳುವಾಗ, ರೇಷ್ಮೆ ಜಾರುತ್ತದೆ, ಟಾಕು ನಿಲ್ಲುವುದಿಲ್ಲ ಎಂದು ಚಂದ್ರಕಾಳಿಯನ್ನು ಮಾತ್ರ ಮರಳಿ ನನ್ನ ಕೈಗಿತ್ತಳು. ಕಸೂತಿ ಗಟ್ಟಿಯಿದ್ದ ಭಾಗವನ್ನೂ ಸೆರಗನ್ನೂ ಧೋತರದಲ್ಲಿ ಸುತ್ತಿಟ್ಟಿದ್ದೇನೆ. ಕೊಡಬೇಕಾದ ಚಲೋ ಸೀರೆ, ಕುರ್ತಾಗಳನ್ನು ಇಸ್ತ್ರಿ ಮಾಡಿ, ಕಿತ್ತ ಹುಕ್ಕು ಹಚ್ಚಿ, ಮನೆಗೆಲಸಕ್ಕೆ ಬರುವ ಅಕ್ಕನ ಮುಂದೆ ಹರಡಿ, ಇಷ್ಟವಾದವನ್ನಷ್ಟೇ ಒಯ್ಯಲು ಹೇಳಿದೆ. ಅವಳು ಆರನ್ನು ಆರಿಸಿ, ಮೂರನ್ನು ಬೇಡವೆಂದು ಸರಿಸಿದಳು. ಹಾಗೆ ಸರಿಸುವ ಹಕ್ಕು ಅವಳಿಗಿರಬೇಕು.

ಅವ್ವನದೇ ಇನ್ನೊಂದು ಸೀರೆ, ಗೋಮಿ ಎಂಬ ವಿನ್ಯಾಸದ ದಡಿಯ ಹತ್ತಿ ಇಳಕಲ್, ಅದೇ ರಾಶಿಯಲ್ಲಿ ಸಿಕ್ಕಿತ್ತು. ಸೋಮವಾರ ಅದನ್ನೇ ಉಟ್ಟು ಬ್ಯಾಂಕಿಗೆ ಹೋದೆ. ಸಂಜೆ ಬಂದ ಮೇಲೆ ಬೆವರು ಆರಲೆಂದು ಪಡಸಾಲೆಯ ಹಗ್ಗದ ಮೇಲೆ, ನೆರಳಿನಲ್ಲಿ, ಉದ್ದಕ್ಕೂ ಬಿಚ್ಚಿ ಹಾಕಿದೆ.