ಬ್ಯಾಕಪ್ ಸರ್ವರನ್ನು ಡೊಮೈನ್‌ಗೆ ಸೇರಿಸಬೇಡಿ

2022ರ ನವೆಂಬರ್ 23ರಂದು ರ‍್ಯಾನ್ಸಮ್‌ವೇರ್ (ಡೇಟಾಗೆ ಬೀಗ ಹಾಕಿ ಹಣ ಕೇಳುವ) ದಾಳಿಯಿಂದ ದೆಹಲಿಯ ಏಮ್ಸ್ ಆಸ್ಪತ್ರೆಯ ಇ-ಹಾಸ್ಪಿಟಲ್ ಕಂಪ್ಯೂಟರ್ ವ್ಯವಸ್ಥೆ ನಿಂತುಹೋಯಿತು. ಐದು ಸರ್ವರ್, ಸುಮಾರು 1.3 ಟಿಬಿ ಡೇಟಾ ಎನ್‌ಕ್ರಿಪ್ಟ್ ಆಗಿತ್ತು, ಅಂದರೆ ಕೀ ಇಲ್ಲದೆ ಓದಲಾಗದಂತಾಗಿತ್ತು. ನೋಂದಣಿಯಿಂದ ಡಿಸ್ಚಾರ್ಜ್‌ವರೆಗೆ ಎಲ್ಲವನ್ನೂ ಕೈಯಲ್ಲೇ ಬರೆಯಬೇಕಾಯಿತು. ಹೆಚ್ಚಿನ ಸೇವೆಗಳು ಮರಳಲು ಎರಡು ವಾರ ಹಿಡಿಯಿತು. ನೆಟ್‌ವರ್ಕ್ ಸರಿಯಾಗಿ ಬೇರ್ಪಡಿಸಿರಲಿಲ್ಲ ಎಂದು ಸರ್ಕಾರವೇ ಸಂಸತ್ತಿನಲ್ಲಿ ಹೇಳಿತು. ದಾಳಿ ಮುಟ್ಟದ ಒಂದು ಬ್ಯಾಕಪ್ ಸರ್ವರ್‌ನಿಂದ ಇ-ಹಾಸ್ಪಿಟಲ್ ಡೇಟಾ ವಾಪಸ್ ಬಂತು ಎಂದೂ ತಿಳಿಸಿತು. ಸರ್ವರ್ ನೋಡಿಕೊಳ್ಳುವ ಇನ್‌ಫ್ರಾ ಟೀಮಿನವರು ಮರೆಯಬಾರದ ಮಾತು ಇದು.

ಈಗಿನ ಗ್ಯಾಂಗ್‌ಗಳು ಒಳಗೆ ಬಂದ ಕೂಡಲೇ ಎನ್‌ಕ್ರಿಪ್ಟ್ ಮಾಡುವುದಿಲ್ಲ. ಡೊಮೈನ್ ಅಂದರೆ ಸಂಸ್ಥೆಯ ಕಂಪ್ಯೂಟರ್, ಲಾಗಿನ್‌ಗಳನ್ನೆಲ್ಲ ಒಂದೇ ಕಡೆಯಿಂದ ನಿರ್ವಹಿಸುವ ವ್ಯವಸ್ಥೆ. ಅದರ ಅಡ್ಮಿನ್ ಹಕ್ಕು ಹಿಡಿದು, ಡೇಟಾ ಹೊರಗೆ ಸಾಗಿಸಿ, ಶ್ಯಾಡೋ ಕಾಪಿ (ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೆಯ ಪ್ರತಿ) ಅಳಿಸಿ, ಆಮೇಲೆ ಬ್ಯಾಕಪ್ ಕನ್ಸೋಲ್ ಹುಡುಕುತ್ತಾರೆ. ಅದೂ ಅದೇ ಡೊಮೈನ್‌ನಲ್ಲಿದ್ದರೆ ಹ್ಯಾಕಿಂಗ್ ಬೇಕಿಲ್ಲ, ಲಾಗಿನ್ ಸಾಕು. ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಸರ್ವರ್ ನಡೆಸುವ ವಿಎಂವೇರ್ ಇಎಸ್‌ಎಕ್ಸ್‌ಐ ಹೋಸ್ಟ್‌ಗಳದ್ದೂ ಇದೇ ಕಥೆ. ಹೋಸ್ಟ್ ಡೊಮೈನ್‌ಗೆ ಸೇರಿದ್ದರೆ, ಡೊಮೈನ್‌ನ ಖಾತೆಗಳಿರುವ ಎಡಿಯಲ್ಲಿ (ಆ್ಯಕ್ಟಿವ್ ಡೈರೆಕ್ಟರಿ) ‘ಇಎಸ್‌ಎಕ್ಸ್ ಅಡ್ಮಿನ್ಸ್’ ಎಂಬ ಗ್ರೂಪ್ ಹುಟ್ಟಿಸಿದವರಿಗೆ ಪೂರ್ತಿ ಅಡ್ಮಿನ್ ಹಕ್ಕು ಸಿಗುತ್ತಿತ್ತು. ರ‍್ಯಾನ್ಸಮ್‌ವೇರ್ ಗುಂಪುಗಳು ಇದನ್ನು ಬಳಸುತ್ತಿರುವುದನ್ನು ಮೈಕ್ರೋಸಾಫ್ಟ್ 2024ರಲ್ಲಿ ಬಯಲಿಗೆಳೆಯಿತು.

ಆದ್ದರಿಂದ ಬ್ಯಾಕಪ್ ಸರ್ವರ್ ವರ್ಕ್‌ಗ್ರೂಪ್‌ನಲ್ಲಿರಲಿ, ಅಂದರೆ ಡೊಮೈನ್‌ನಿಂದ ಹೊರಗಿರಲಿ. ಬೇರೆ ವಿಎಲ್ಯಾನ್ (ನೆಟ್‌ವರ್ಕ್‌ನೊಳಗೆ ಬೇರ್ಪಡಿಸಿದ ಭಾಗ), ಬೇರೆ ಲೋಕಲ್ ಅಕೌಂಟ್, ಎಂಎಫ್‌ಎ (ಪಾಸ್‌ವರ್ಡ್ ಜೊತೆ ಇನ್ನೊಂದು ದೃಢೀಕರಣ) ಕಡ್ಡಾಯ. ಸರ್ವರನ್ನು ದೂರದಿಂದ ನಿಯಂತ್ರಿಸುವ ಐಡ್ರ್ಯಾಕ್, ಐಎಲ್‌ಒ ಪೋರ್ಟ್‌ಗಳು ಆಫೀಸ್ ನೆಟ್‌ವರ್ಕ್‌ನಿಂದ ಸಿಗಲೇಬಾರದು. ಅಲ್ಲಿಂದ ಇಡೀ ಡಿಸ್ಕನ್ನೇ ಒರೆಸಬಹುದು, ಆಗ ಸಾಫ್ಟ್‌ವೇರ್ ಲಾಕ್ ಯಾವ ಉಪಯೋಗಕ್ಕೂ ಬರುವುದಿಲ್ಲ. ಒಂದು ಪ್ರತಿ ಅಮೆಜಾನ್ ಕ್ಲೌಡ್‌ನ ಎಸ್3 ಆಬ್ಜೆಕ್ಟ್ ಲಾಕ್‌ನಲ್ಲಿ (ನಿಗದಿತ ಅವಧಿಯವರೆಗೆ ಅಳಿಸದಂತೆ ತಡೆಯುವ ಸೌಲಭ್ಯ) ಇದ್ದರೆ ಕಂಪ್ಲಯನ್ಸ್ ಮೋಡ್ ಆರಿಸಿ. ಗವರ್ನೆನ್ಸ್ ಮೋಡ್‌ನಲ್ಲಿ ವಿಶೇಷ ಅನುಮತಿ ಇದ್ದವರು ಅಳಿಸಬಹುದು, ಕಂಪ್ಲಯನ್ಸ್‌ನಲ್ಲಿ ಖಾತೆಯ ಮೂಲ ಒಡೆಯನಾದ ರೂಟ್‌ಗೂ ಆಗದು. ಲಾಕ್ ಏಳೇ ದಿನ ಇಟ್ಟರೆ ಸಾಲದು. ಕಳ್ಳ ಮೂರು ವಾರದಿಂದ ಒಳಗಿದ್ದರೆ ಏಳೂ ಪ್ರತಿಗಳಲ್ಲಿ ಅವನ ಬ್ಯಾಕ್‌ಡೋರ್ (ಮತ್ತೆ ನುಗ್ಗಲು ಇಟ್ಟ ಗುಪ್ತ ದಾರಿ) ಇರುತ್ತದೆ. 30 ದಿನ ಇಡಿ.

ಬ್ಯಾಕಪ್ ಜಾಬ್ ರಿಪೋರ್ಟ್ ಹಸಿರಾಗಿದ್ದರೆ ಮ್ಯಾನೇಜ್‌ಮೆಂಟ್‌ಗೆ ಸಮಾಧಾನ. ಬ್ಯಾಕಪ್‌ನಿಂದ ಡೇಟಾ ಮರಳಿಸಿ ನೋಡುವ ರಿಸ್ಟೋರ್ ಡ್ರಿಲ್‌ಗೆ ಶನಿವಾರ ಕೇಳಿದರೆ ಸಿಗುವುದಿಲ್ಲ. ಅವರಿಗೆ ಈ ಲೆಕ್ಕ ತೋರಿಸಿ: 10 ಟಿಬಿ ಡೇಟಾ 1 ಜಿಬಿಪಿಎಸ್ ಲಿಂಕ್‌ನಲ್ಲಿ ತಡೆಯಿಲ್ಲದೆ ಹರಿದರೂ 22 ಗಂಟೆ ಬೇಕು. ನಿಜವಾಗಿ ಶೇ. 70 ವೇಗ ಸಿಕ್ಕರೆ 32 ಗಂಟೆ. ಹಣ ಕೊಟ್ಟರೆ ಬೇಗ ಮುಗಿಯುತ್ತದೆ ಅನ್ನುವವರಿಗೆ 2021ರ ಕಲೋನಿಯಲ್ ಪೈಪ್‌ಲೈನ್ (ಅಮೆರಿಕದ ಇಂಧನ ಸಾಗಣೆ ಕಂಪನಿ) ಪ್ರಕರಣ ಹೇಳಿ. 75 ಬಿಟ್‌ಕಾಯಿನ್ ತೆತ್ತು ಪಡೆದ ಡಿಕ್ರಿಪ್ಟರ್ (ಬೀಗ ತೆಗೆಯುವ ಸಾಫ್ಟ್‌ವೇರ್) ಎಷ್ಟು ನಿಧಾನವಿತ್ತೆಂದರೆ ಕಂಪನಿ ತನ್ನ ಬ್ಯಾಕಪ್‌ಗಳನ್ನೇ ನೆಚ್ಚಬೇಕಾಯಿತು.

ದಾಳಿ ಕಂಡಾಗ ನೆಟ್‌ವರ್ಕ್ ಕೇಬಲ್ ಕೀಳಿ, ಮಷೀನ್ ಆಫ್ ಮಾಡಬೇಡಿ; ಮೆಮೊರಿಯಲ್ಲಿರುವ ಸಾಕ್ಷ್ಯ ಹೋಗುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇರಬೇಕು. ರಿಸ್ಟೋರ್ ಮಾಡುವಾಗ ಮೊದಲು ಎಡಿ ಮತ್ತು ಡಿಎನ್‌ಎಸ್ (ಹೆಸರಿನಿಂದ ಸರ್ವರ್ ವಿಳಾಸ ಹುಡುಕಿಕೊಡುವ ಸೇವೆ), ಆಮೇಲೆ ಡೇಟಾಬೇಸ್, ಕೊನೆಗೆ ಅಪ್ಲಿಕೇಶನ್. ಡೊಮೈನ್‌ನ ಲಾಗಿನ್ ಟಿಕೆಟ್‌ಗಳಿಗೆ ಕೀ ಒದಗಿಸುವ ಕೆಆರ್‌ಬಿಟಿಜಿಟಿ ಖಾತೆಯ ಪಾಸ್‌ವರ್ಡ್ ಎರಡು ಸಲ ಬದಲಿಸಿ. ಒಂದೇ ಸಲ ಬದಲಿಸಿದರೆ ಹಳೆಯ ಕೀಯಲ್ಲಿ ಮಾಡಿದ ಖೋಟಾ ಟಿಕೆಟ್ ಇನ್ನೂ ನಡೆಯುತ್ತದೆ. ದಾಳಿಯಾದ ಹೊತ್ತಿಗೆ ಔಟ್‌ಲುಕ್, ಪಾಸ್‌ವರ್ಡ್ ವಾಲ್ಟ್ ಯಾವುದೂ ತೆರೆಯುವುದಿಲ್ಲ. ವೆಂಡರ್‌ಗಳ ಫೋನ್ ನಂಬರ್, ಲೈಸೆನ್ಸ್ ಕೀ, ಎಡಿ ಕೆಟ್ಟಾಗ ಅದನ್ನು ಸರಿಪಡಿಸಲು ಬೇಕಾದ ಡಿಎಸ್‌ಆರ್‌ಎಂ ಪಾಸ್‌ವರ್ಡ್ ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ ಬೀರುವಿನಲ್ಲಿಟ್ಟಿರಿ.