ಅಪ್ಪನ ಬಿಪಿ ಮಾತ್ರೆ ಮತ್ತು ಮೈ ಕೊಡವುವ ಇಲಿ

ಅಪ್ಪ ಬಿಪಿಗೆ ಕ್ಲೋನಿಡಿನ್ ತಗೊಳ್ಳೋಕೆ ಶುರು ಮಾಡಿ ಎರಡು ವರ್ಷ ಆಯ್ತು. ಮೊನ್ನೆ ಶಿವಮೊಗ್ಗಕ್ಕೆ ಮದುವೆಗೆ ಹೋದವರು ಮಾತ್ರೆ ಡಬ್ಬಿ ಮನೆಯಲ್ಲೇ ಮರೆತಿದ್ದರು. ಎರಡನೇ ದಿನ ಬೆವರು, ಕೈನಡುಕ, ಎದೆ ಡವಡವ. ಬಿಪಿ ನೋಡಿದರೆ 200ರ ಹತ್ತಿರ. "ಎರಡು ದಿನ ಬಿಟ್ರೆ ಏನಾಗತ್ತೆ ಅಂದ್ಕೊಂಡೆ ಕಣೋ" ಅಂದರು. ಅವರ ಒದ್ದೆ ಅಂಗೈ ಹಿಡಿದು ಕೂತಾಗ ನನಗೆ ನೆನಪಾಗಿದ್ದು, ಬೈಬೇಡಿ, ಬಿ.ಫಾರ್ಮಾದಲ್ಲಿ ಓದಿದ್ದ ಇಲಿಗಳು.

ಈ ಔಷಧಿ ಬಿಪಿಗೆ ಅಂತ ಹುಟ್ಟಿದ್ದೇ ಅಲ್ಲ. 1960ರ ದಶಕದ ಶುರುವಿನಲ್ಲಿ ಜರ್ಮನಿಯ ಬೋರಿಂಗರ್ ಇಂಗಲ್‌ಹೈಮ್ ಕಂಪನಿ ಇದನ್ನು ಕಟ್ಟಿದ ಮೂಗಿಗೆ ಅಂತ ಮಾಡಿತ್ತು. ನೆಗಡಿಯಾಗಿದ್ದ ಸೆಕ್ರೆಟರಿಯೊಬ್ಬರ ಮೂಗಿಗೆ ಹನಿ ಬಿಟ್ಟರೆ ಆಕೆ ಸುಮಾರು ಒಂದಿಡೀ ದಿನ ನಿದ್ದೆ ಹೊಡೆದರು, ಬಿಪಿ ಇಳಿಯಿತು, ನಾಡಿ ನಿಧಾನವಾಯಿತು!

ಈಗ ಇಲಿ. ಅದರ ಚರ್ಮದಡಿ ಮಾರ್ಫಿನ್ (ಅಫೀಮಿನಿಂದ ಬರುವ ನೋವಿನ ಮದ್ದು) ಗುಳಿಗೆ ಇಡುತ್ತಾರೆ. ಕೆಲವೇ ದಿನದಲ್ಲಿ ಅದರ ಮೈ ಮಾರ್ಫಿನ್‌ಗೆ ಒಗ್ಗಿಹೋಗುತ್ತದೆ. ಆಮೇಲೆ ನಲಾಕ್ಸೋನ್ ಅನ್ನೋ ಮದ್ದು ಚುಚ್ಚಿದರೆ, ಅದು ಮಾರ್ಫಿನ್ ಕೂತ ಜಾಗದಿಂದ ಅದನ್ನು ಎಬ್ಬಿಸಿ ಓಡಿಸುತ್ತದೆ. ನಿಮಿಷಗಳಲ್ಲೇ ಇಲಿ ಹಲ್ಲು ಕಟಕಟಿಸುತ್ತದೆ, ಮಳೆಯಲ್ಲಿ ನೆನೆದ ನಾಯಿ ಹಾಗೆ ತಲೆಯಿಂದ ಬಾಲದವರೆಗೆ ಮೈ ಕೊಡವುತ್ತದೆ, ಭೇದಿಯೂ ಆಗುತ್ತದೆ. ಸುಮ್ನೆ ಕೂತ ಇಲಿಯ ಹೃದಯವೇ ನಿಮಿಷಕ್ಕೆ 300ಕ್ಕಿಂತ ಜಾಸ್ತಿ ಬಡಿಯುತ್ತೆ, ಅಂಥದ್ದರಲ್ಲಿ ಬಡಿತ, ಬಿಪಿ ಎರಡೂ ಏರುತ್ತವೆ. (ಇಲಿಯ ಬಿಪಿ ನೋಡೋದು ಬಾಲಕ್ಕೆ ಪುಟ್ಟ ಪಟ್ಟಿ ಕಟ್ಟಿ.)

ಮೆದುಳಿನ ಬುಡದಲ್ಲಿ ಲೋಕಸ್ ಸೆರೂಲಿಯಸ್ ಅಂತ ಒಂದು ಚುಕ್ಕಿಯಷ್ಟು ಜಾಗ ಇದೆ, ಮೈಯನ್ನು ಎಚ್ಚರಿಸಿ ಹುರುಪೇರಿಸುವ ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕ ಮೆದುಳಿನಲ್ಲಿ ಹೆಚ್ಚಾಗಿ ಹೊರಡೋದು ಅಲ್ಲಿಂದ. ಮಾರ್ಫಿನ್ ಅದನ್ನು ಅದುಮಿ ಇಟ್ಟಿರುತ್ತದೆ, ಕೈ ತೆಗೆದರೆ ಸ್ಪ್ರಿಂಗ್ ಥರ ಚಿಮ್ಮುತ್ತದೆ. ಕ್ಲೋನಿಡಿನ್ ಬೇರೆ ಬಾಗಿಲಿಂದ ಬಂದು ಅದೇ ಸ್ಪ್ರಿಂಗನ್ನು ಅದುಮುತ್ತದೆ. 1978ರಲ್ಲಿ ಅಘಾಜನಿಯನ್ ಅನ್ನೋ ವಿಜ್ಞಾನಿ ಇದನ್ನು ಇಲಿಯ ನರಕೋಶಗಳಲ್ಲೇ ತೋರಿಸಿದರು, ಅದೇ ವರ್ಷ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮಾರ್ಫಿನ್ ಥರದ ಔಷಧಿ ಬಿಡಿಸುವಾಗ ಮನುಷ್ಯರಿಗೂ ಕೊಟ್ಟು ನೋಡಿದರು. ಏರಿದ ಬಿಪಿ ಇಳಿಯುತ್ತೆ, ನಿಜ. ಆದರೆ ವಾಂತಿ ಭೇದಿಯಿಂದ ನೀರು ಕಳೆದುಕೊಂಡ ಮೈಯಲ್ಲಿ ಜಾಸ್ತಿಯೇ ಇಳಿದುಬಿಡಬಹುದು, ಅದಕ್ಕೇ ಪ್ರತಿ ಸಲ ಬಿಪಿ ನೋಡಿಯೇ ಕೊಡೋದು. ಮತ್ತೆ ಆ ಕ್ಲೋನಿಡಿನ್‌ನ ಕೈಯನ್ನೇ ಒಮ್ಮೆಲೇ ತೆಗೆದರೆ? ಅದೂ ಚಿಮ್ಮುತ್ತೆ. ಶಿವಮೊಗ್ಗದಲ್ಲಿ ಆಗಿದ್ದು ಅದೇ.

ಇಷ್ಟೂ ಹೇಳಿದೆ. ಅಪ್ಪ ಕನ್ನಡಕ ತೆಗೆದು, "ಹಾಗಾದ್ರೆ ನಾನೂ ಅಮಲುಕೋರನಾ?" ಅಂದರು. ಅಲ್ಲ ಅಪ್ಪ, ಮೈ ಒಗ್ಗೋದೇ ಬೇರೆ, ಚಟವೇ ಬೇರೆ ಅಂತ ಶುರು ಮಾಡುವಷ್ಟರಲ್ಲಿ ಅಮ್ಮ ಒಂದು ಸ್ಟ್ರಿಪ್ ತಂದು ಅವರ ಶರ್ಟ್ ಜೇಬಿಗೆ ತುರುಕಿದರು.