ಒಂದೇ ಪ್ರೊಸೆಸರ್, ಮೂರು ಲೆಕ್ಕ

ನಮ್ಮನೆ ಡೆಸ್ಕ್‌ಟಾಪ್‌ಗೆ ಹತ್ತು ವರ್ಷ ದಾಟಿದೆ. ಒಳಗಿರೋ ಪ್ರೊಸೆಸರ್ ಇಂಟೆಲ್ ಕೋರ್ ಐ5-4570. ಮೊನ್ನೆ ಭಾನುವಾರ ತಮ್ಮ ಬಂದವನೇ, ‘ಅಣ್ಣಾ, ನಿಂಗೆ ಡೂಪ್ಲಿಕೇಟ್ ಪ್ರೊಸೆಸರ್ ಅಂಟಿಸಿದಾರೆ ಕಣೋ’ ಅಂದ. ಸಿಸ್ಟಮ್ ಪ್ರಾಪರ್ಟೀಸ್‌ನಲ್ಲಿ 3.20 ಗಿಗಾಹರ್ಟ್ಸ್, ಟಾಸ್ಕ್ ಮ್ಯಾನೇಜರ್‌ನಲ್ಲಿ 3.4ರ ಆಸುಪಾಸು ಕುಣಿತ, ಪ್ರೊಸೆಸರ್ ವಿವರ ತೋರಿಸೋ ಸಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ ಬರೀ 800 ಮೆಗಾಹರ್ಟ್ಸ್!

ಮೂರೂ ಸುಳ್ಳಲ್ಲ. 3.2 ಅನ್ನೋದು ಮೂಲ ವೇಗ, ಪ್ರೊಸೆಸರ್ ಹೆಸರಿನ ಜೊತೆಗೇ ಬರೆದಿರೋದು, ಅಲ್ಲಾಡಲ್ಲ. ಮೂಲ ಗಡಿಯಾರದ 100 ಮೆಗಾಹರ್ಟ್ಸನ್ನು ಒಂದು ಗುಣಕದಿಂದ ಗುಣಿಸಿದರೆ ಬರೋದೇ ವೇಗ. ಕೆಲಸವಿಲ್ಲದಾಗ ಕರೆಂಟ್ ಉಳಿಸೋಕೆ ಪ್ರೊಸೆಸರಿನಲ್ಲೇ ಇರೋ ಸ್ಪೀಡ್‌ಸ್ಟೆಪ್ ಅನ್ನೋ ವ್ಯವಸ್ಥೆ ಈ ಗುಣಕವನ್ನು 32ರಿಂದ 8ಕ್ಕೆ ಇಳಿಸುತ್ತೆ. 100 ಮೆಗಾಹರ್ಟ್ಸ್‌ನ ಎಂಟು ಪಟ್ಟು, 800. ಕೆಲಸ ಬಿದ್ದರೆ ಟರ್ಬೊದಲ್ಲಿ, ಅಂದ್ರೆ ಮೂಲ ವೇಗ ಮೀರಿ ಓಡೋ ಸ್ಥಿತಿಯಲ್ಲಿ, 3.6ರವರೆಗೂ ಏರಬಹುದು. ತಮ್ಮನ ಬಾಯಿ ಮುಚ್ಚಿಸೋಕೆ ಇಷ್ಟು ಸಾಕಾಯ್ತು.

ಆದರೆ ವಿಡಿಯೊ ಎನ್‌ಕೋಡಿಂಗ್‌ಗೆ ಹಚ್ಚಿದರೆ 3.4ಕ್ಕೆ ಏರಿದ್ದು ಎರಡೇ ನಿಮಿಷದಲ್ಲಿ 2.3ಕ್ಕೆ ಕುಸೀತು. ಇದು ಮಾತ್ರ ಸರಿಯಿಲ್ಲ ಅನ್ನಿಸ್ತು. ಬಿಸಿ ಮಿತಿಮೀರಿದರೆ ಪ್ರೊಸೆಸರ್ ತಾನೇ ವೇಗ ಇಳಿಸ್ಕೊಳ್ಳುತ್ತೆ. ಬಿಸಿ ನೋಡಿದೆ: 99 ಡಿಗ್ರಿ! ಪಕ್ಕದ ತಗಡು ಬಿಚ್ಚಿದರೆ, ಪ್ರೊಸೆಸರಿನ ಬಿಸಿ ಹೀರೋ ಲೋಹದ ಹೀಟ್‌ಸಿಂಕ್ ಸಂದಿಯಲ್ಲೆಲ್ಲ ಧೂಳು, ಹಳೇ ಹಾಸಿಗೆಯ ಹತ್ತಿ ಥರ. ಕೂಲರನ್ನು ಬೋರ್ಡಿಗೆ ಕಚ್ಚಿಸೋ ನಾಲ್ಕು ಪಿನ್ನಲ್ಲಿ ಒಂದು ಎದ್ದು ಕೂತಿದೆ. ಪ್ರೊಸೆಸರಿನಿಂದ ಹೀಟ್‌ಸಿಂಕ್‌ಗೆ ಬಿಸಿ ದಾಟಿಸೋ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆ. (ಕಳೆದ ದೀಪಾವಳಿಗೆ ಕ್ಲೀನ್ ಮಾಡಿದ್ದೆ ಅಂತ ಹೆಂಡತಿ ಹತ್ರ ಹೇಳಿದ್ದೆ. ಒರೆಸಿದ್ದು ಹೊರಗಡೆ ಮಾತ್ರ.)

ಹಳೇ ಪೇಂಟ್ ಬ್ರಷ್, ಸ್ವಲ್ಪ ಸ್ಪಿರಿಟ್, ಬಟಾಣಿ ಕಾಳಿಗಿಂತ ಚಿಕ್ಕದಾಗಿ ಹೊಸ ಪೇಸ್ಟ್. ಪಿನ್ ‘ಟಕ್’ ಅನ್ನೋವರೆಗೂ ಒತ್ತಿದೆ. ಈಗ ಅದೇ ವಿಡಿಯೊಗೆ 68 ಡಿಗ್ರಿ, ವೇಗ 3.4 ಬಿಟ್ಟು ಕದಲ್ತಿಲ್ಲ. ತಮ್ಮ ಮುಂದಿನ ಭಾನುವಾರ ತನ್ನ ಸಿಪಿಯುನೂ ಹೊತ್ಕೊಂಡು ಬರ್ತಾನಂತೆ.